ಎರಡು ಕಾಲು, ಮೂರು ಪೆಡಲು

ನನ್ನ ಗಂಡನ ಜೊತೆ ನನಗಿಂತ ಹೆಚ್ಚು ದಿನ ಬಾಳುವೆ ಮಾಡಿದವನು ನರೇಂದರ್. ನಮ್ಮ ಮದುವೆಯಾಗಿ ಆರು ವರ್ಷ. ನನ್ನ ಗಂಡ ರಾಜಕುಮಾರ ನಾರಾಯಣಪೇಟೆಯ ಮನೆಯಲ್ಲಿ ಕಳೆದ ದಿನಗಳನ್ನೆಲ್ಲ ಗುಡ್ಡೆ ಹಾಕಿದರೂ ಒಂದು ವರ್ಷ ತುಂಬುವುದಿಲ್ಲ. ಮಿಕ್ಕ ಐದು ವರ್ಷ ಇವರು ಚಂದ್ರಕಾಂತ್ ಸೇಠರ ಲಾರಿಯಲ್ಲಿ, ನರೇಂದರನ ಪಕ್ಕದಲ್ಲಿ. ದೂರದ ಊರುಗಳಿಗೆ ಹೋಗುವ ಲಾರಿಗೆ ಇಬ್ಬರು ಡ್ರೈವರು ಬೇಕು. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದೆ ಮಲಗುತ್ತಾನೆ. ನಾನು ಫೋನ್ ಮಾಡಿದಾಗಲೆಲ್ಲ ಒಂದೋ ನರೇಂದರನ ಗೊರಕೆ ಕೇಳುತ್ತಿತ್ತು, ಇಲ್ಲವೇ ಅವನು ಮೊಬೈಲಿನಲ್ಲಿ ಹಾಕಿದ ಹಾಡು. ಗಂಡನ ದನಿ ನಡುವೆ ಎಲ್ಲೋ ಸಂದಿಯಲ್ಲಿ ಸಿಗುತ್ತಿತ್ತು.

ನಾನು ಸಿಟ್ಟಿನವಳು. ಇದನ್ನು ಗದ್ವಾಲಿನ ನನ್ನ ತವರೂ ಒಪ್ಪುತ್ತದೆ, ನಾರಾಯಣಪೇಟೆಯ ಅತ್ತೆಮನೆಯೂ ಒಪ್ಪುತ್ತದೆ. ಎರಡೂ ಸೀರೆ ನೇಯುವ ಮನೆಗಳು. ಯಾರ ಸೀರೆ ಮೇಲು ಎಂಬ ವಿಷಯದಲ್ಲಿ ಇವತ್ತಿಗೂ ರಾಜಿಯಾಗಿಲ್ಲ, ನನ್ನ ಸಿಟ್ಟಿನ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಅಂಥ ನಾನು ನರೇಂದರನ ಮೇಲೆ ವರ್ಷಗಟ್ಟಲೆ ಕೂಡಿಟ್ಟಿದ್ದ ಸಿಟ್ಟು ಒಂದೇ ಫೋನಿಗೆ ಕರಗಿಹೋಯಿತು. ಆಷಾಢದ ಒಂದು ಬೆಳಿಗ್ಗೆ ಅವನೇ ಮಾಡಿದ್ದ.

"ವೈನಿ, ನನಗ ಮಗಳು ಹುಟ್ಟಿ ಮೂರು ತಿಂಗಳಾತ್ರಿ. ಎರಡು ಸಲ ಅಷ್ಟ ಎತ್ಕೊಂಡೀನಿ. ಸೇಠ್ ಬಿಡವಲ್ಲ. ನನ್ನ ಸೀಟಿಗಿ ಹೆವಿ ಲೈಸನ್ಸ್ ಇದ್ದೋರು ಒಬ್ರು ಸಿಕ್ರ ಹೋಗು ಅಂತಾನ. ದಸರಾದೊಳಗ ಸಿಗಲಿಲ್ಲಂದ್ರ ಇನ್ನೊಂದು ವರ್ಷಕ್ಕ ಸಹಿ ಹಾಕು ಅಂತಾನ. ನಿಮ್ಮ ಕಡಿ ಯಾರಾರ ಅದಾರೇನ್ರಿ?"

"ಅದಾರ," ಅಂದೆ.

"ಯಾರ್ರೀ?"

"ನಾನು."

ಆ ಕಡೆ ಲಾರಿಯ ಹಾರ್ನ್ ಒಮ್ಮೆಲೇ ಕೂಗಿಕೊಂಡಿತು.

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಮಗ್ಗದಲ್ಲಿ ಕೂತಾಗ ತಲೆಗೆ ಬೇರೆ ಕೆಲಸವಿರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಡ್ರೈವರಾದರೆ ಲಾರಿಯೇ ಮನೆ, ಎಂದು ನಾನು ಎಷ್ಟೋ ದಿನದಿಂದ ಲೆಕ್ಕ ಹಾಕಿಕೊಂಡಿದ್ದೆ. ಈಗ ಸೀಟು ಖಾಲಿಯಾಗುವ ಸಂದರ್ಭ ತಾನಾಗಿ ಬಂದಿತ್ತು. ದಸರಾಕ್ಕೆ ಮುಂಚೆ ಹೆವಿ ಲೈಸೆನ್ಸ್ ಸಿಕ್ಕಿದರೆ ಆ ಸೀಟು ನನ್ನದು. ಸಿಗದಿದ್ದರೆ ಇನ್ನೊಂದು ವರ್ಷ ನರೇಂದರನ ಗೊರಕೆ.

ಅತ್ತೆ ಸುಗುಣಮ್ಮನಿಗೆ ಹೇಳಲು ಎರಡು ದಿನ ಧೈರ್ಯ ಕೂಡಿಸಿಕೊಂಡೆ. ಅವರು ರಾಟೆಯಲ್ಲಿ ನೂಲು ಸುತ್ತುತ್ತಿದ್ದರು. ನಾನು ಹೇಳಿ ಮುಗಿಸಿದ ಮೇಲೂ ರಾಟೆ ನಿಲ್ಲಲಿಲ್ಲ.

"ಆರು ವರ್ಷದಿಂದ ಓಣಿ ಮಂದಿ ನನಗ ಮೊಮ್ಮಗ ಯಾವಾಗ ಅಂತ ಕೇಳಾಕತ್ತೈತಿ," ಅಂದರು. "ಒಬ್ಬಾಕಿ ಹರಕಿ ಹೊರು ಅಂತಾಳ, ಒಬ್ಬಾಕಿ ಕಷಾಯ ಕುಡಿಸು ಅಂತಾಳ. ಗಂಡ ಗುವಾಹಟಿಯಾಗ, ಹೆಂಡ್ತಿ ನಾರಾಯಣಪ್ಯಾಟಿಯಾಗ ಇದ್ರ ಯಾವ ದೇವ್ರು ಏನು ಮಾಡ್ಯಾನು? ಹರಕಿ ಬ್ಯಾಡವ್ವ. ಲೈಸನ್ಸ್ ಮಾಡಿಸ್ಕೋ."

ನಾನು ನೂಲಿನ ರಾಶಿಯ ಹಿಂದೆ ಮುಖ ಮುಚ್ಚಿಕೊಂಡೆ.

ಹೆವಿಗೆ ಅರ್ಜಿ ಹಾಕಬೇಕಾದರೆ ಕಾರಿನ ಲೈಸೆನ್ಸ್ ಇದ್ದು ಒಂದು ವರ್ಷ ಆಗಿರಬೇಕು. ಅದು ನನ್ನಲ್ಲಿತ್ತು. ಮೂರು ವರ್ಷದ ಹಿಂದೆ ಚಿಕ್ಕಪ್ಪನ ಮಗಳು ರಜಿತಾ ಕಾರು ಕಲಿಯಲು ಹೋಗುವಾಗ ಜೊತೆಗಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಟೆಸ್ಟಿನ ಕೊನೆಗೆ ನಾನು ಕಾರು ನಿಲ್ಲಿಸಿದಾಗ ಎಂಜಿನ್ ತಾನಾಗಿಯೇ ಬಂದ್ ಆಯಿತು. ನಾನೇ ಕೀಲಿ ತಿರುಗಿಸಿದೆ ಎಂದುಕೊಂಡರೋ ಏನೋ, ಪಾಸ್ ಮಾಡಿದರು. ಆಮೇಲೆ ನಾನು ಕಾರು ಮುಟ್ಟಲಿಲ್ಲ, ಲೈಸೆನ್ಸು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತು. ಆ ಎಂಜಿನ್ ಯಾಕೆ ಬಂದ್ ಆಯಿತೆಂದು ಅವತ್ತೇ ವಿಚಾರ ಮಾಡಿದ್ದರೆ ಎಷ್ಟೋ ತೊಂದರೆ ತಪ್ಪುತ್ತಿತ್ತು.

ನನ್ನ ಮೊದಲ ಗುರು ಗಂಡನೇ. ಶ್ರಾವಣದಲ್ಲಿ ಎರಡು ದಿನ ಮನೆಗೆ ಬಂದಾಗ ಊರ ಹೊರಗಿನ ಬಯಲಿನಲ್ಲಿ ಸೇಠರ ಲಾರಿಗೇ ನನ್ನನ್ನು ಹತ್ತಿಸಿದರು. ಒಂದು ಗಂಟೆಯಲ್ಲಿ ಹನ್ನೊಂದು ಸಲ ಎಂಜಿನ್ ಬಂದ್ ಆಯಿತು. "ಬಿಡು ಪ್ರಶಾಂತಿ, ಇದು ನಿನ್ನ ಕೈಲಿ ಆಗಂಗಿಲ್ಲ," ಅಂದರು. ನಾನು ಏನಂದೆನೆಂದು ಬರೆಯುವುದಿಲ್ಲ. ಆ ಎರಡು ದಿನ ನಾವು ಮಾತಾಡಲಿಲ್ಲ. ಲಾರಿ ಹೋದ ಮೇಲೆ, ತಿಂಗಳುಗಟ್ಟಲೆ ಕಾದು ಸಿಕ್ಕಿದ್ದ ಎರಡು ದಿನವನ್ನು ಹಾಳು ಮಾಡಿಕೊಂಡೆನಲ್ಲ ಎಂದು ಮಗ್ಗದ ಮುಂದೆ ಕೂತು ಕಣ್ಣೀರು ಹಾಕಿದೆ.

ಹಾಗಾಗಿ ಮಕ್ತಲಿನ ಕುರುಮಯ್ಯ ಕಾಕಾನ ಹತ್ತಿರ ಹೋದೆ. ದಾಮರಗಿದ್ದ ಎಂಬ ಊರಿನ ಕಡೆಯ ಕುರುಬರ ಮನೆಯವನು. ಹದಿನಾರು ವರ್ಷದವರೆಗೆ ಕುರಿ ಹಿಂದೆ, ಆಮೇಲೆ ಮೂವತ್ತು ವರ್ಷ ಲಾರಿ ಮೇಲೆ. ಈಗ ನನಗಿಂತ ವಯಸ್ಸಾದ ಒಂದು ಆರು ಗಾಲಿಯ ಲಾರಿಗೆ 'ಮೈಲಾರಲಿಂಗ ಡ್ರೈವಿಂಗ್ ಸ್ಕೂಲ್' ಎಂದು ಬರೆಸಿಕೊಂಡು ಹೆವಿ ಕಲಿಸುತ್ತಿದ್ದ. ಮೊದಲ ದಿನ ಸ್ಟೇರಿಂಗಿಗೆ ಬಂಡಾರ ಹಚ್ಚಿದ, ಮಿಕ್ಕಿದ್ದನ್ನು ನನ್ನ ಹಣೆಗೆ ಹಚ್ಚಿದ. ಕೈಯಲ್ಲಿ ಕುರಿ ಕಾಯುವ ಕೋಲು ಹಿಡಿದೇ ಪಕ್ಕದ ಸೀಟಿನಲ್ಲಿ ಕೂತ.

"ಇದು ಕಾರಲ್ಲವ್ವ. ಕಾರಂದ್ರ ಒಂಟಿ ಆಡು. ಇದು ಹಿಂಡು. ಮುಂದಿನ ಕುರಿ ತಿರುಗಿದ ಕೂಡ್ಲೇ ಹಿಂದಿನವು ಅಡ್ಡ ಹಾದಿ ಹಿಡಿತಾವು. ನಿನ್ನ ಹಿಂದಿನ ಗಾಲೀನೂ ಹಂಗ. ಮೂಲಿಯಾಗ ಇನ್ನಷ್ಟು ಮುಂದ ಹೋಗಿ ತಿರುಗು, ಇಲ್ಲಂದ್ರ ಯಾರದಾರ ಮನಿ ಕಟ್ಟಿ ಮ್ಯಾಲ ಹತ್ತತಾವು."

ನನಗೆ ತಕ್ಷಣ ತಿಳಿಯಿತು. ಗೇರು ಇನ್ನೂ ಸುಲಭವಾಯಿತು. ಆ ಹಳೇ ಲಾರಿಯಲ್ಲಿ ಗೇರು ಬದಲಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ಒತ್ತಬೇಕು: ಒಮ್ಮೆ ಒತ್ತಿ ಗೇರು ಬಿಡಿಸಿ, ಕಾಲೆತ್ತಿ, ಮತ್ತೆ ಒತ್ತಿ ಇನ್ನೊಂದು ಗೇರಿಗೆ ತಳ್ಳಬೇಕು. ನನ್ನ ಜೊತೆ ಕಲಿಯುತ್ತಿದ್ದ ಗಂಡಸರ ಕೈಯಲ್ಲಿ ಲಾರಿ ಕಿರ್ರೋ ಎಂದು ಅರಚುತ್ತಿತ್ತು. ನಾನು ಹನ್ನೆರಡನೇ ವಯಸ್ಸಿನಿಂದ ಕಾಲಲ್ಲಿ ತಾಳ ಹಾಕಿದವಳು. ಎರಡನೇ ದಿನಕ್ಕೇ ಗೇರು ಸದ್ದಿಲ್ಲದೆ ಕೂತಿತು.

ಕಾಕಾ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. "ಯಾರ ಹತ್ರ ಕಲ್ತಿ?"

"ಮಗ್ಗದ ಹತ್ರ ರೀ ಕಾಕಾ."

"ಶಾಭಾಷ್! ಈಗ ನಿಲ್ಲಿಸು ನೋಡಾಮು."

ನಾನು ಬ್ರೇಕ್ ಒತ್ತಿದೆ. ಲಾರಿ ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಸತ್ತುಹೋಯಿತು. ಕಾಕಾನ ಎಲೆಯಡಿಕೆ ಗಾಜಿಗೆ ಬಡಿಯಿತು.

ವಿಷಯ ಇಷ್ಟೇ. ಲಾರಿ ನಿಲ್ಲಬೇಕಾದರೆ ಬಲಗಾಲು ಬ್ರೇಕನ್ನೂ ಎಡಗಾಲು ಕ್ಲಚ್ಚನ್ನೂ ಒಟ್ಟಿಗೆ ಒತ್ತಿರಬೇಕು. ಕ್ಲಚ್ಚಿನ ಮೇಲಿಂದ ಕಾಲು ಎದ್ದರೆ ಎಂಜಿನ್ ಬಂದ್. ನಮ್ಮ ಮಗ್ಗದ್ದು ಬೇರೆ ಧರ್ಮ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತೇವೆ. ಕೆಳಗೆ ಎರಡು ಮರದ ಹಲಗೆ. ಎಡದ ಹಲಗೆ ಒತ್ತಿದರೆ ಉದ್ದಕ್ಕೆ ಹಾಸಿದ ಎಳೆಗಳಲ್ಲಿ ಅರ್ಧ ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ, ನಡುವಿನ ಬಾಯಲ್ಲಿ ಲಾಳಿ ಓಡುತ್ತದೆ. ಆಮೇಲೆ ಬಲದ್ದು. ಒಂದು ಕಾಲು ಒತ್ತಿದರೆ ಇನ್ನೊಂದು ಏಳಲೇಬೇಕು. ಹತ್ತೊಂಬತ್ತು ವರ್ಷ ಹಗಲೆಲ್ಲ ಹೀಗೆ ಒತ್ತಿ ಎತ್ತಿದ ಕಾಲುಗಳು ನನ್ನವು. ಬಲಗಾಲು ಬ್ರೇಕಿಗೆ ಹೋದ ಕೂಡಲೇ ಎಡಗಾಲು ನನ್ನನ್ನು ಕೇಳದೆ ಮೇಲೆದ್ದುಬಿಡುತ್ತಿತ್ತು.

ಕಾಕಾ ಬೈದ, ಕೋಲಿನಿಂದ ಡ್ಯಾಶ್‌ಬೋರ್ಡ್ ಬಡಿದ, ಒಂದು ದಿನ ನನ್ನ ಎಡಮೊಣಕಾಲಿನ ಮೇಲೆ ತನ್ನ ಊಟದ ಗಂಟನ್ನೇ ಇಟ್ಟ. ಗಂಟು ಕೆಳಗುರುಳಿತು, ಎಂಜಿನ್ ಬಂದ್ ಆಯಿತು. "ದನ!" ಅಂದ. ಆಮೇಲೆ ಅದೇ ನನ್ನ ಹೆಸರಾಯಿತು.

ಮೊದಲ ಟೆಸ್ಟು ಗದ್ವಾಲಿನಲ್ಲಿ. ನನ್ನ ಆಧಾರಿನಲ್ಲಿ ಇನ್ನೂ ತವರಿನ ವಿಳಾಸವೇ ಇರುವುದರಿಂದ ಅಲ್ಲಿಗೇ ಅರ್ಜಿ ಹಾಕಿದ್ದೆ. ಟೆಸ್ಟು ಮಾಡುವ ಬ್ರೇಕ್ ಇನ್ಸ್‌ಪೆಕ್ಟರ್ ಶಿರೀಷಾ ಮೇಡಂ ಎಂದು ತಿಳಿದಾಗ ಹೆಣ್ಣು ಹೆಣ್ಣಿಗೆ ಸ್ವಲ್ಪ ನೋಡಿಕೊಳ್ಳುತ್ತಾರೆ ಎಂದು ಖುಷಿಪಟ್ಟೆ. ಮೇಡಂ ಅಂಥ ವ್ಯವಹಾರದವರಲ್ಲ. ಲಾರಿಯನ್ನು ಹಿಂದಕ್ಕೆ ಸಾಗಿಸಿದ್ದು ಸರಿ, ತಿರುವು ಸರಿ, ಗೇರು ಬಹಳ ಸರಿ. ಏರಿನ ಅರ್ಧಕ್ಕೆ ಲಾರಿ ನಿಲ್ಲಿಸಿ ಮತ್ತೆ ಹೊರಡಿಸಬೇಕಿತ್ತು. ಅಲ್ಲಿ ಎಂಜಿನ್ ಬಂದ್ ಆಗಿ, ಲಾರಿ ಹಿಂದಕ್ಕೆ ಜಾರಿ, ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಅವರು ಪೆನ್ನು ಎತ್ತಿಕೊಂಡು ಅದರಲ್ಲೇ 'ಫೇಲ್' ಎಂದು ಬರೆದರು.

ಅವತ್ತು ಗಂಡನಿಗಿಂತ ಮೊದಲು ನರೇಂದರ್ ಫೋನ್ ಮಾಡಿದ. "ಏನಾತ್ರಿ ವೈನಿ?" ನಾನು ಹೇಳಿದೆ. ಹಿಂದಿನಿಂದ ನನ್ನ ಗಂಡ "ಕೊಡಿಲ್ಲಿ ಫೋನು" ಅಂದು ಅದನ್ನು ಕಸಿದುಕೊಂಡು, "ಊಟ ಆತಾ?" ಎಂದು ಕೇಳಿದರು. ನನಗೆ ಅಳು ಬಂತು. ಇನ್ನೊಂದು ಟೆಸ್ಟಿನ ತಾರೀಕು ದಸರಾದ ಹಿಂದಿನ ವಾರಕ್ಕಿತ್ತು. ಅದೇ ಕೊನೆಯದು. ಆ ವಾರದ ಶುಕ್ರವಾರ ಲಾರಿ ಹತ್ತಿಯ ಬೇಲು ಹೇರಿಕೊಂಡು ಕೊಯಮತ್ತೂರಿಗೆ ಹೊರಡುವುದಿತ್ತು. ನರೇಂದರನೋ ನಾನೋ, ಸಹಿ ಹಾಕುವವರು ಅಷ್ಟರೊಳಗೆ ಹಾಕಬೇಕು.

ಮೂರು ದಿನ ನಾನು ಮಕ್ತಲಿಗೆ ಹೋಗಲಿಲ್ಲ. ನಾಲ್ಕನೇ ದಿನ ಕುರುಮಯ್ಯ ಕಾಕಾ ತಾನೇ ನಾರಾಯಣಪೇಟೆಗೆ ಬಂದ. ಬಾಗಿಲಲ್ಲಿ ನಿಂತು ಕೋಲು ಗೋಡೆಗೆ ಒರಗಿಸಿ, ಹೇಳಲು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ.

"ಬ್ಯಾಡ ಬಿಡವ್ವ. ಮೂವತ್ತು ವರ್ಷ ಡ್ರೈವರಿಕಿ ಮಾಡೀನಿ, ಇಂಥಾ ಕಾಲು ನೋಡಿಲ್ಲ. ನಿನ್ನ ಟೈಮೂ ಹಾಳು, ನನ್ನ ಎಂಜಿನ್ನೂ ಹಾಳು. ಮಗ್ಗದಾಗ ಸುಖವಾಗಿರು."

ನನಗೆ ಸಿಟ್ಟು ನೆತ್ತಿಗೇರಿತು. "ಕಾಕಾ, ಕಾಲು ಅಂದ್ರ ಬಾಳ ಸಸ್ತಾ ಅನ್ಕೊಂಡೀರೇನು? ಬರ್ರಿ, ನೀವೊಮ್ಮಿ ಮಗ್ಗದಾಗ ಕೂಡ್ರಿ. ಎರಡು ಎಳಿ ನೇದು ತೋರಿಸ್ರಿ. ಆಮ್ಯಾಲ ನಾ ಬಿಡ್ತೀನಿ."

ಕಾಕಾ ಮೀಸೆ ಸವರಿಕೊಂಡು ಕುಣಿಯೊಳಗೆ ಕಾಲು ಇಳಿಸಿದ. ಅತ್ತೆ ರಾಟೆ ಬಿಟ್ಟು ಎದ್ದು ಬಂದರು. ಮಗ್ಗದ ಮೇಲೆ ಮುಗಿಯಲು ಬಂದಿದ್ದ ಚೌಕಳಿ ಸೀರೆ.

"ಎಡಗಾಲು ಒತ್ರಿ," ಅಂದೆ. ಒತ್ತಿದ. ಎಳೆಗಳು ಬಾಯಿ ತೆರೆದವು. ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿತು. ಕಾಕಾ ಅತ್ತೆಯ ಕಡೆ ನೋಡಿ ನಕ್ಕ.

"ಈಗ ಬಲಗಾಲು."

ಬಲಗಾಲು ಒತ್ತಿದ. ಬಾಯಿ ತೆರೆಯಲಿಲ್ಲ. ಎಳೆಗಳೆಲ್ಲ ಒಂದರ ಮೇಲೊಂದು ಬಿಗಿದುಕೊಂಡವು. ಕಾಕಾ ಅದನ್ನು ನೋಡದೆ ಲಾಳಿ ಓಡಿಸುವ ಹಗ್ಗ ಜಗ್ಗಿಯೇ ಬಿಟ್ಟ. ಲಾಳಿ ಹೋಗಿ ಎಳೆಗಳಿಗೆ ಗುದ್ದಿ ಏಳೆಂಟನ್ನು ಪಟಪಟ ಕಿತ್ತುಹಾಕಿತು.

"ಎಡಗಾಲು ಎತ್ರಿ ಕಾಕಾ!"

"ಎತ್ತೀನಲ್ಲವ್ವ!"

"ಎತ್ತಿಲ್ರೀ! ಕೆಳಗ ನೋಡ್ರಿ!"

ಕಾಕಾ ಬಗ್ಗಿ ಕುಣಿಯೊಳಗೆ ನೋಡಿದ. ಎರಡೂ ಹಲಗೆ ನೆಲಕ್ಕೆ ಅಂಟಿಕೊಂಡಿದ್ದವು. ಅವನ ಎಡಗಾಲು ಕ್ಲಚ್ ಒತ್ತಿದ ಹಾಗೆ ಒತ್ತಿಕೊಂಡೇ ಇತ್ತು. ಎತ್ತಿ ನೋಡಿದ, ಬಲಗಾಲು ಒತ್ತಿದ ಕೂಡಲೇ ಎಡಗಾಲು ಮತ್ತೆ ತಾನಾಗಿ ಕೆಳಗಿಳಿಯಿತು. ನಾಲ್ಕು ಸಲ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಒಂದು ತಿಂಗಳು ನಿನಗ ದನ ಅಂದೆ. ನಂದು ನಿನಗಿಂತ ದೊಡ್ಡ ದನ ಐತಲ್ಲವ್ವ!"

ಅತ್ತೆಗೆ ನಗು ಬರಲಿಲ್ಲ. ಕಿತ್ತುಹೋದದ್ದು ಅವರ ಎಳೆಗಳು. ನಾನು ಕುಣಿಗೆ ಇಳಿದು ಒಂದೊಂದೇ ಎಳೆ ಗಂಟು ಹಾಕಿ, ಸರಿ ಕೂತಿತೋ ಇಲ್ಲವೋ ಎಂದು ಹತ್ತಾರು ಸಲ ಲಾಳಿ ಓಡಿಸಿ ನೋಡಿದೆ. ಕಾಕಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಕಾಲುಗಳನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಕೂಗಿದರು. "ಪ್ರಶಾಂತೀ, ಊಟಕ್ಕ ಏಳು!"

ನಾನು ಎದ್ದೆ.

"ತಡಿ!" ಎಂದು ಕಾಕಾ ಹೌಹಾರಿದ. "ಈಗೇನು ಮಾಡ್ದಿ?"

"ಏನು ಮಾಡ್ದೆ? ಎದ್ದೆ."

"ಕೂಡು. ನೇಯಿ. ಯವ್ವಾ ಸುಗುಣಮ್ಮ, ಇನ್ನೊಮ್ಮಿ ಕರಿ!"

ಅತ್ತೆ ಇನ್ನೊಮ್ಮೆ ಕರೆದರು. ನಾನು ಇನ್ನೊಮ್ಮೆ ಎದ್ದೆ. ಆಗ ನನಗೂ ಕಂಡಿತು. ಕುಣಿಯಿಂದ ಏಳುವಾಗ ಎರಡೂ ಪಾದಗಳನ್ನು ಎರಡೂ ಹಲಗೆಯ ಮೇಲೆ ಒಟ್ಟಿಗೆ ಊರಿ, ನೆಲದವರೆಗೆ ಒತ್ತಿ, ಆಮೇಲೆ ಮೈ ಎತ್ತುತ್ತೇವೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕಾಲುಗಳು ಒಟ್ಟಿಗೆ ಕೆಳಗಿಳಿಯುತ್ತಿದ್ದದ್ದು ಅದೊಂದೇ ಗಳಿಗೆಯಲ್ಲಿ.

ಕಾಕಾ ನನ್ನನ್ನು ಹನ್ನೆರಡು ಸಲ ಕೂರಿಸಿ ಎಬ್ಬಿಸಿದ. ರೊಟ್ಟಿ ಆರಿಹೋದವು. ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದು ಅತ್ತೆ ನನಗೆ ಕಣ್ಣಲ್ಲೇ ಹೇಳಿದರು. ಕೈ ತೊಳೆದುಕೊಂಡು ಕೂತ ಮೇಲೆ ಕಾಕಾ ಅವರನ್ನೇ ಕೇಳಿದ. "ನಾಳಿಯಿಂದ ನೀನೂ ಬರ್ತೀಯೇನವ್ವ ಮಕ್ತಲಕ್ಕ? ನಿನ್ನ ದನಿ ಬೇಕಾಗೈತಿ."

ಹೀಗೆ ಸುಗುಣಮ್ಮ ಎಂಬ ನನ್ನ ಅತ್ತೆ ಅರವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಸೀಟಿನಲ್ಲಿ ನಾನು ಒಂದು ಕಡೆ, ಕಾಕಾ ಒಂದು ಕಡೆ, ನಡುವೆ ಅತ್ತೆ ಮತ್ತು ಅವರ ಚಕ್ಕುಲಿ ಡಬ್ಬಿ. ಕಾಕಾ ಕೋಲು ಎತ್ತಿದಾಗ ಅತ್ತೆ "ಊಟಕ್ಕ ಏಳು!" ಎಂದು ಕೂಗಬೇಕು. ನನ್ನ ಎರಡೂ ಕಾಲು ಧಪ್ಪೆಂದು ಇಳಿಯುತ್ತಿದ್ದವು. ಲಾರಿ ನಿಲ್ಲುತ್ತಿತ್ತು, ಎಂಜಿನ್ ಗುರುಗುಡುತ್ತಲೇ ಇರುತ್ತಿತ್ತು. ಮೊದಲ ಸಲ ಹಾಗಾದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಕಾ ಬಂಡಾರದ ಡಬ್ಬಿ ತೆಗೆದು ಅತ್ತೆಯ ಹಣೆಗೂ ಹಚ್ಚಿದ.

ದಿನಕ್ಕೆ ನಲವತ್ತು ಸಲ ಊಟಕ್ಕೆ ಕರೆಸಿಕೊಂಡ ಸೊಸೆ ನಮ್ಮ ಕಡೆ ಇನ್ನೊಬ್ಬಳಿರಲಾರಳು. ನನಗೆ ಯಾವಾಗಲೂ ಹಸಿವಾಗತೊಡಗಿತು. ರಸ್ತೆ ಬದಿಯ ಚಹಾದ ಅಂಗಡಿಯವನು ಇದೇನು ಹೊಸ ಕಾನೂನು ಎಂದು ಕಾಕಾನನ್ನು ಕೇಳಿದ. ವಾರದ ಕೊನೆಗೆ, ಮನಸ್ಸು ಶಾಂತವಾಗಿದ್ದಾಗ, ಅತ್ತೆ ಕೂಗದಿದ್ದರೂ ಕಾಲು ಮಾತು ಕೇಳುತ್ತಿತ್ತು. ಗಾಬರಿಯಾದರೆ ಮಾತ್ರ ಎಡಗಾಲು ಮತ್ತೆ ಮಗ್ಗಕ್ಕೆ ಓಡಿಹೋಗುತ್ತಿತ್ತು. ಗಂಡನಿಗೆ ಇದನ್ನೆಲ್ಲ ಹೇಳಲಿಲ್ಲ. ಊಟಕ್ಕೆ ಕರೆದರೆ ಮಾತ್ರ ಬ್ರೇಕ್ ಹಾಕುವ ಹೆಂಡತಿ ಎಂದು ಇವರು ಲಾರಿ ಅಡ್ಡೆಯಲ್ಲೆಲ್ಲ ಹೇಳಿಕೊಂಡು ನಗುವುದು ನನಗೆ ಬೇಡವಾಗಿತ್ತು.

ಟೆಸ್ಟು ಮಂಗಳವಾರ. ಅತ್ತೆ ನನ್ನ ಗದ್ವಾಲ್ ಸೀರೆಯನ್ನೇ ಉಟ್ಟು ಬಂದಿದ್ದರು. ಆ ಸೀರೆಯನ್ನು ಅವರು ತೆಗಳದೆ ಉಟ್ಟದ್ದು ಅದೇ ಮೊದಲು. ಮೈದಾನದ ತಂತಿಬೇಲಿಯ ಹೊರಗೆ ಅವರೂ ಕಾಕಾನೂ ನಿಂತರು. ಶಿರೀಷಾ ಮೇಡಂ ನನ್ನನ್ನು ಗುರುತು ಹಿಡಿದರು. ಈ ಸಲ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೇ ಲಾರಿ ಹತ್ತಿದರು.

ಹಿಂದಕ್ಕೆ ಹೋದೆ, ತಿರುಗಿದೆ, ಹಿಂದಿನ ಕುರಿಗಳನ್ನು ಸರಿಯಾಗಿ ಮೂಲೆ ದಾಟಿಸಿದೆ. ಮೈದಾನದ ನಡುವಿನ ಬಿಳಿ ಗೆರೆ ಹತ್ತಿರ ಬಂತು. ಅಲ್ಲಿ ನಿಲ್ಲಿಸಬೇಕು. ಅಷ್ಟರಲ್ಲಿ ಬೇಲಿಯ ಕಡೆಯಿಂದ ಇಡೀ ಮೈದಾನಕ್ಕೆ ಕೇಳುವ ಹಾಗೆ ದನಿ ಬಂತು.

"ಪ್ರಶಾಂತೀ, ಊಟಕ್ಕ ಏಳು!"

ಲಾರಿ ಗೆರೆಯ ಮೇಲೆ ಹೂವಿಟ್ಟಂತೆ ನಿಂತಿತು. ಎಂಜಿನ್ ಗುರುಗುಡುತ್ತಿತ್ತು.

"ಎವರಮ್ಮಾ ಆಮೆ?" ಆಕೆ ಯಾರೆಂದು ತೆಲುಗಿನಲ್ಲಿ ಕೇಳಿದರು ಮೇಡಂ.

"ನಮ್ಮ ಅತ್ತಿ ರೀ ಮೇಡಂ."

ಮೇಡಂ ಗಡಿಯಾರ ನೋಡಿಕೊಂಡರು. ಬೆಳಗಿನ ಹತ್ತೂಕಾಲು. ತಲೆ ಹೊರಗೆ ಹಾಕಿ ಕಾವಲಿನವನನ್ನು ಕರೆದು, ಆ ಅಮ್ಮನನ್ನು ಗೇಟಿನ ಆಚೆ ಕೂರಿಸು, ಟೆಸ್ಟ್ ಮುಗಿಯುವ ತನಕ ಯಾರೂ ಬೇಲಿ ಹತ್ತಿರ ಬರಬಾರದು ಎಂದು ತೆಲುಗಿನಲ್ಲಿ ಹೇಳಿದರು. ಕನ್ನಡಿಯಲ್ಲಿ ನೋಡಿದೆ. ಅತ್ತೆ ಹಿಂದೆ ತಿರುಗಿ ತಿರುಗಿ ನೋಡುತ್ತ ಹೋಗುತ್ತಿದ್ದರು. 

ಇನ್ನು ಏರು. ಹೋದ ಸಲ ಜಾರಿದ್ದ ಅದೇ ಏರು.

ಎರಡನೇ ಗೇರಿನಿಂದ ಒಂದನೇ ಗೇರಿಗೆ ಇಳಿಸಿದೆ. ಲಾರಿ ಏದುಸಿರು ಬಿಡುತ್ತ ಹತ್ತಿತು. ಕೈ ಬೆವರಿ ಸ್ಟೇರಿಂಗಿನ ಬಂಡಾರವೆಲ್ಲ ಅಂಗೈಗೆ ಅಂಟಿತ್ತು. ಅತ್ತೆಯ ದನಿಯನ್ನು ಮನಸ್ಸಿನಲ್ಲೇ ತರಿಸಿಕೊಳ್ಳಲು ನೋಡಿದೆ. ಬರಲಿಲ್ಲ. ನನ್ನನ್ನು ನಾನೇ ಕರೆದುಕೊಳ್ಳೋಣವೆಂದರೆ, ತನ್ನನ್ನು ತಾನೇ ಊಟಕ್ಕೆ ಯಾರಾದರೂ ಕರೆದುಕೊಳ್ಳುತ್ತಾರೆಯೇ? ಎಡಗಾಲು ಆಗಲೇ ತುದಿಬೆರಳ ಮೇಲೆ ನಿಂತು ಏಳಲು ಸಿದ್ಧವಾಗಿತ್ತು. ಇದು ಹೋದರೆ ಇನ್ನೊಂದು ವರ್ಷ. ಮತ್ತೆ ಫೋನು, ಮತ್ತೆ "ಊಟ ಆತಾ?" ಎಂಬ ಅದೇ ಪ್ರಶ್ನೆ. ಆರು ವರ್ಷದಿಂದ ಇವರು ನೂರಾರು ಮೈಲಿ ದೂರದಿಂದ ಆ ಒಂದು ಮಾತನ್ನು ಕೇಳಿದ್ದೇ ಕೇಳಿದ್ದು. ಒಂದು ದಿನವಾದರೂ ಬಾಗಿಲಲ್ಲಿ ನಿಂತು ಏಳು, ಊಟ ಮಾಡೋಣ ಎಂದು ಕರೆದದ್ದಿಲ್ಲ. ಕರೆಯಲು ಮನೆಯಲ್ಲಿದ್ದರಲ್ಲವೇ? ಕರೆದಿದ್ದರೆ ಹೇಗಿರುತ್ತಿತ್ತು ಆ ದನಿ?

"ಆಪಂಡಿ," ಎಂದು ಮೇಡಂ ನಿಲ್ಲಿಸಲು ಹೇಳಿದರು.

ನನ್ನ ಎರಡೂ ಕಾಲು ಇಳಿದವು.

ಲಾರಿ ಏರಿನ ನಡುವೆ ನಿಂತಿತ್ತು. ಎಂಜಿನ್ ಓಡುತ್ತಿತ್ತು. ನಾನು ಹ್ಯಾಂಡ್‌ಬ್ರೇಕ್ ಎಳೆದು ಉಸಿರು ಬಿಟ್ಟೆ. ಮೇಡಂ ಕೈ ಮುಂದೆ ತೋರಿಸಿದರು. ಕ್ಲಚ್ಚನ್ನು ನಿಧಾನ ಬಿಟ್ಟು, ಇನ್ನೊಂದು ಕಾಲು ಒತ್ತುತ್ತ ಹೊರಟೆ. ಒಂದು ಒತ್ತುವಾಗ ಇನ್ನೊಂದು ಎತ್ತುವ ಈ ಕೆಲಸವನ್ನು ನನ್ನ ಕಾಲುಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಾರಿ ಒಂದು ಗೇಣೂ ಹಿಂದೆ ಜಾರಲಿಲ್ಲ. ಮೇಲೆ ಹೋಗಿ ನಿಲ್ಲಿಸಿದಾಗ ಮೇಡಂ ಜೇಬಿನಿಂದ ಪೆನ್ನು ತೆಗೆದರು.

"ಗೇರ್ ಯಾರು ಕಲಿಸಿದ್ದು?" ಎಂದು ತೆಲುಗಿನಲ್ಲಿ ಕೇಳಿದರು. "ಇಷ್ಟು ಮೆತ್ತಗೆ ಗೇರ್ ಹಾಕಿದವರನ್ನು ಈ ವರ್ಷ ನೋಡಿರಲಿಲ್ಲ." ಹಾಳೆಯ ಮೇಲೆ ಗೀಚಿ ಇಳಿದುಹೋಗುವಾಗ, "ನಿಮ್ಮ ಅತ್ತೆಗೆ ಹೇಳಿ, ಈಗ ಊಟಕ್ಕೆ ಕರೆಯಬಹುದು," ಅಂದರು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಕಾಕಾ ಗೇಟಿನಿಂದ ಓಡಿ ಬಂದು, ನಾನು ಅಳುವುದನ್ನು ನೋಡಿ ಮತ್ತೆ ಫೇಲ್ ಎಂದುಕೊಂಡು, "ಹೋಗ್ಲಿ ಬಿಡವ್ವ, ಹೋಗ್ಲಿ ಬಿಡು" ಎಂದು ತಾನೂ ಕಣ್ಣೊರೆಸಿಕೊಂಡ.

ಗುರುವಾರ ಲೈಸೆನ್ಸು ಫೋನಿನಲ್ಲಿ ಬಂತು. ಶುಕ್ರವಾರ ಬೆಳಿಗ್ಗೆ ಗದ್ವಾಲಿನ ಲಾರಿ ಅಡ್ಡೆಯಲ್ಲಿ ಸೇಠರು ಅದನ್ನು ಹಿಗ್ಗಿಸಿ ಕುಗ್ಗಿಸಿ ಮೂರು ಸಲ ನೋಡಿ ಸಹಿ ಮಾಡಿಸಿಕೊಂಡರು. ನರೇಂದರ್ ತನ್ನ ಹೊದಿಕೆ, ಬಕೆಟ್ಟು ಇಳಿಸಿಕೊಂಡು, ನನಗೆ ಕೈಮುಗಿದು, ಊರಿನ ಬಸ್ಸು ಹಿಡಿಯಲು ಓಡಿದ. ಅತ್ತೆ ನನ್ನ ಕೈಗೆ ರೊಟ್ಟಿಯ ಗಂಟು ಕೊಟ್ಟರು. ಮಗನಿಗೆ ಮಾತ್ರ ಬುದ್ಧಿ ಹೇಳಿದರು. "ಜಗಳಾಡಬ್ಯಾಡ. ಆಕಿ ಓಡಸಾಕತ್ತಾಗ ನೀ ಬಾಯಿ ಮುಚ್ಕೊಂಡು ಕೂಡು."

ಇವರು ಬಾಯಿ ಮುಚ್ಚಿಕೊಂಡೇ ಕೂತರು. ಗದ್ವಾಲಿನಿಂದ ಹೆದ್ದಾರಿಗೆ ಬಂದು, ಕರ್ನೂಲಿನ ಕಡೆ ತಿರುಗಿಸಿ, ಒಂದೊಂದೇ ಗೇರು ಏರಿಸುವಾಗ ಓರೆಗಣ್ಣಲ್ಲಿ ನನ್ನ ಕಾಲುಗಳನ್ನು ನೋಡಿದರು. ಹನ್ನೊಂದು ಸಲ ಎಂಜಿನ್ ಬಂದ್ ಮಾಡಿದ ಕಾಲುಗಳು ಇವೇನಾ ಎಂಬ ಹಾಗೆ. ನನ್ನ ಪಕ್ಕದಲ್ಲಿ ಗೊರಕೆಯಿಲ್ಲದೆ, ಫೋನಿಲ್ಲದೆ ನನ್ನ ಗಂಡ ಕೂತಿದ್ದರು; ನನಗೆ ಅಷ್ಟು ಸಾಕಿತ್ತು.

ಉಂಡವೆಲ್ಲಿಯ ಹತ್ತಿರ ಬಂದಾಗ ಮಧ್ಯಾಹ್ನ. ದೂರದಲ್ಲಿ ಬೇವಿನಮರದ ಕೆಳಗೆ ಒಂದು ಧಾಬಾ ಕಂಡಿತು. ಮೂರ್ನಾಲ್ಕು ಲಾರಿಗಳು ನಿಂತಿದ್ದವು. ಇವರೇ ನನಗಿಂತ ಮೊದಲು ನೋಡಿದರು. ನಾನು ಅಂಚಿನ ಕಡೆ ಎಳೆದು ವೇಗ ಇಳಿಸತೊಡಗಿದೆ. ಇವರು ಹಿಂದೆ ಕೈ ಹಾಕಿ ಅತ್ತೆ ಕೊಟ್ಟ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ದಿನವೂ ಹೇಳುವ ಮಾತಿನ ಹಾಗೆ ಹೇಳಿದರು.

"ಪ್ರಶಾಂತಿ, ಊಟಕ್ಕ ಏಳು."

ಲಾರಿ ಅಲ್ಲೇ ರಸ್ತೆಯ ಅಂಚಿಗೆ ನಿಂತುಬಿಟ್ಟಿತು. ಇವರು ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದಕ್ಕೂ ಹಿಂದಕ್ಕೂ ನೋಡಿದರು.

"ಧಾಬಾ ಇನ್ನೂ ನೂರು ಗಜ ಮುಂದ ಐತಲ್ಲ. ಇಲ್ಯಾಕ ನಿಲ್ಲಿಸ್ದಿ?"

ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬರುತ್ತಿತ್ತು.

"ಇನ್ನೊಮ್ಮಿ ಕರೀರಿ," ಅಂದೆ.